ಸೂಲಗಿತ್ತಿಯೂ ಸರ್ಕಾರದ ರಿಜಿಸ್ಟರೂ

ರಾಣೆಬೆನ್ನೂರಿನಿಂದ ದಕ್ಷಿಣಕ್ಕೆ ಹೊರಟರೆ ಕುಮಾರಪಟ್ಟಣ. ತುಂಗಭದ್ರೆಯ ಸೇತುವೆ ದಾಟಿದರೆ ಹರಿಹರ. 1940ರ ಹೊತ್ತಿಗೆ ಸೇತುವೆಯ ಈ ತುದಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ಆ ತುದಿ ಮೈಸೂರು ಸಂಸ್ಥಾನ. ಹೊಳೆಗುಂಟ ಇನ್ನಷ್ಟು ಕೆಳಗೆ ಹೋದರೆ ಆಚೆ ದಡದ ಹರಪನಹಳ್ಳಿ ಸೀಮೆ ಬಳ್ಳಾರಿಗೆ, ಅಂದರೆ ಮದರಾಸಿಗೆ ಸೇರಿದ್ದು. ಈ ಗಡಿಗಳನ್ನು ನಾವು ಏಕೀಕರಣದ ಭಾಷಣಗಳಲ್ಲಿ ಮಾತ್ರ ನೆನೆಯುತ್ತೇವೆ. ನನಗೆ ಅವು ಹೆರಿಗೆಯ ಕೋಣೆಯಲ್ಲೂ ಕಾಣುತ್ತವೆ.

ನರ್ಸುಗಳು ಮತ್ತು ತರಬೇತಾದ ಸೂಲಗಿತ್ತಿಯರ ಹೆಸರು ನೋಂದಾಯಿಸಲು ಮದರಾಸು 1926ರಲ್ಲಿ ಕಾಯಿದೆ ಮಾಡಿತು, ಮುಂಬಯಿ 1935ರಲ್ಲಿ. ಒಂದೇ ಹೊಳೆಯ ನೀರು ಕಾಯಿಸಿ ಕೂಸಿಗೆ ಎರೆಯುವ ಹೆಂಗಸರಿಗೆ ದಡಕ್ಕೊಂದು ಸರ್ಕಾರ, ಒಂದೊಂದಕ್ಕೆ ಒಂದೊಂದು ರೀತಿ. ತರಬೇತಿಗೆ ದೇಶಕ್ಕೆಲ್ಲ ಒಂದೇ ಮಟ್ಟ ಇರಲೆಂದೇ 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂತು. 1956ರಲ್ಲಿ ಮೂರೂ ಸೀಮೆ ಒಂದಾದವು. 1961ರಲ್ಲಿ ಇಡೀ ರಾಜ್ಯಕ್ಕೆ ಒಂದು ಕಾಯಿದೆಯಾಯಿತು.

ಆದರೆ ಊರ ಸೂಲಗಿತ್ತಿ? ಆಕೆ ಕಲಿತದ್ದು ಅಜ್ಜಿಯ ಪಕ್ಕ ಕೂತು, ಕೈಯಿಂದ ಕೈಗೆ. ಪರೀಕ್ಷೆ ಬರೆಯಲು ಅಕ್ಷರವೇ ಇರಲಿಲ್ಲ. 1903ರಲ್ಲಿ ವೈಸರಾಯ್ ಕರ್ಜನ್ನನ ಹೆಂಡತಿ ನಿಧಿಯೊಂದನ್ನು ಕೂಡಿಸಿ ಇಂಥ ದಾಯಿಯರಿಗೆ ತರಬೇತಿ ಕೊಡಿಸಲು ಹೊರಟಳು. ಬಾಣಂತಿಯರ ಸಾವಿಗೆಲ್ಲ ದಾಯಿಯ ಕೊಳಕು ಕೈಯೇ ಕಾರಣ ಎಂಬುದು ಆ ಕಾಲದ ಡಾಕ್ಟರರ ಮಾತು. ಅದು ಪೂರ್ತಿ ಸುಳ್ಳಲ್ಲ. ಕುದಿಸದ ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದರೆ ಕೂಸಿಗೆ ಧನುರ್ವಾಯು ಬರಬಹುದು. ಆದರೆ 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ಕಂಡದ್ದೇನು? ಸೂಲಗಿತ್ತಿಯರ ವಾರ್ಡಿಗಿಂತ ಡಾಕ್ಟರರ ವಾರ್ಡಿನಲ್ಲೇ ಬಾಣಂತಿಯರು ಹೆಚ್ಚು ಸಾಯುತ್ತಿದ್ದರು. ಹೆಣ ಕೊಯ್ದ ಕೈಯನ್ನು ಸರಿಯಾಗಿ ತೊಳೆಯದೆ ಹೆರಿಗೆಗೆ ಬರುತ್ತಿದ್ದವರು ಅವರೇ. (ಅದನ್ನು ಹೇಳಿದ್ದಕ್ಕೆ ಆತ ಬೈಸಿಕೊಂಡ, ಅದು ಬೇರೆ ಕತೆ.) ಕೈ ತೊಳೆಯುವುದನ್ನು ಕಲಿಸಬಹುದು. ಕಲಿಸುವುದಕ್ಕಿಂತ ಬೈಯುವುದೇ ಹೆಚ್ಚು ನಡೆಯಿತು ಎಂದು ನನ್ನ ಅನಿಸಿಕೆ.

ಆಮೇಲೆ ಹಳ್ಳಿಗೆ ಎ.ಎನ್.ಎಂ. ಬಂದಳು, ಜನರ ಬಾಯಲ್ಲಿ ನರ್ಸಮ್ಮ. ಓದಿದವಳು, ರಿಜಿಸ್ಟರಿನಲ್ಲಿ ಹೆಸರಿದ್ದವಳು, ಆದರೆ ಪರಸ್ಥಳದವಳು. ಎಷ್ಟೋ ಕಡೆ ಇನ್ನೂ ಚಿಕ್ಕ ವಯಸ್ಸಿನವಳು. ಅವಳನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಹಿರಿಯರು ಸೂಲಗಿತ್ತಿಯ ಮುಖ ನೋಡುತ್ತಿದ್ದರು. ನೋಂದಣಿ ಇಲ್ಲದವಳು ಹೂಂ ಅಂದ ಮೇಲೆಯೇ ನೋಂದಣಿ ಇದ್ದವಳಿಗೆ ಬಾಗಿಲು ತೆರೆಯುತ್ತಿತ್ತು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದು ಹೆರಿಗೆಗಳು ಆಸ್ಪತ್ರೆಯ ದಾರಿ ಹಿಡಿದವು. ತಾಯಂದಿರು ಉಳಿದರು, ಅದರ ಬಗ್ಗೆ ನನಗೆ ತಕರಾರಿಲ್ಲ.

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಶಾಲೆಯ ಮುಖ ಕಂಡವರಲ್ಲ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಪತ್ರಿಕೆಗಳು ಬರೆದವು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಕೇಂದ್ರ ಸರ್ಕಾರ, ಹೆರಿಗೆಗೆಂದೇ ಬೇರೆ ಪರಿಣತರು ಬೇಕು ಎಂದು ಹೊಸ ಮಾರ್ಗಸೂಚಿ ಹೊರಡಿಸಿತು: ನೋಂದಾಯಿತ ನರ್ಸುಗಳಿಗೆ 18 ತಿಂಗಳ ತರಬೇತಿ, ಸಹಜ ಹೆರಿಗೆಯನ್ನು ಅವರೇ ನೋಡಿಕೊಳ್ಳುವ ಅಧಿಕಾರ. ನರಸಮ್ಮ ತೀರಿಕೊಂಡದ್ದು ಆ ಡಿಸೆಂಬರ್ 25ರಂದು.