ಸೇತುವೆ ಉಳಿದದ್ದು ಹೇಗೆ, ಪೇಟೆ ಉಳಿಯೋದು ಹೇಗೆ?

ಬೆಂಗಳೂರಿನಿಂದ ಊಟಿ ಕಡೆಗೆ ಕಾರು ಬಿಟ್ಟವರು ನಂಜನಗೂಡು ದಾಟಿರ್ತೀರಿ. ಕಪಿಲಾ ನದಿ ಬಂತು, ಗೋಪುರ ಕಂಡಿತು, ಕೂತಲ್ಲೇ ಕೈ ಮುಗಿದಿರಿ, ಮುಂದಕ್ಕೆ ಹೋದಿರಿ. ಆ ಊರಲ್ಲಿ ಕಮಾನುಗಳ ಹಳೇ ಸೇತುವೆಯೊಂದಿದೆ. ಕಟ್ಟಿದ್ದು 1735ರಲ್ಲಿ. ಅಂದರೆ ಅಮೆರಿಕ ಅನ್ನೋ ದೇಶ ಹುಟ್ಟೋದಕ್ಕೆ 41 ವರ್ಷ ಮುಂಚೆ.

ಕಟ್ಟಿಸಿದವನು ದಳವಾಯಿ ದೇವರಾಜಯ್ಯ. ಆಗ ಮೈಸೂರಿನ ಸಿಂಹಾಸನದ ಮೇಲೆ ಇಮ್ಮಡಿ ಕೃಷ್ಣರಾಜ ಒಡೆಯರು, ಅಧಿಕಾರವೆಲ್ಲ ಕಳಲೆ ದಳವಾಯಿಗಳ ಕೈಲಿ. ಆ ಕಳಲೆ ಇರೋದೂ ನಂಜನಗೂಡಿನ ಪಕ್ಕದಲ್ಲೇ. 19ನೇ ಶತಮಾನದ ಕೊನೆಗೆ ಮೈಸೂರಿನಿಂದ ಮೀಟರ್‌ಗೇಜ್ ರೈಲು ಬಂತು. ಎತ್ತಿನ ಗಾಡಿಗಂತ ಕಟ್ಟಿದ್ದ ಸೇತುವೆ ಮೇಲೇ ಹಳಿ ಹಾಕಿದರು. ಒಂದೇ ಸೇತುವೆಯಲ್ಲಿ ರೈಲೂ ಹೋಗ್ತಿತ್ತು, ರಸ್ತೆಯೂ ಇತ್ತು. 1926ರಲ್ಲಿ ಹಳಿ ಚಾಮರಾಜನಗರ ಮುಟ್ಟಿತು. ಬ್ರಾಡ್‌ಗೇಜ್ ಬಂದಾಗ ರೈಲಿಗೆ ಬೇರೆ ಸೇತುವೆ ಆಯ್ತು, ಹಳೆಯದಕ್ಕೆ 'ಪಾರಂಪರಿಕ' ಅನ್ನೋ ಬಿರುದು ಸಿಕ್ಕಿತು.

ನನಗೆ ಇದರಲ್ಲಿ ಕಾಣೋ ಪಾಠ ಇಷ್ಟೇ. ಸೇತುವೆ ಇಷ್ಟು ದಿನ ಉಳಿದದ್ದು ಯಾರೋ ಅದನ್ನು ಚೆಂದ ಅಂದಿದ್ದಕ್ಕಲ್ಲ, ದಿನಾ ಬೇಕಾಗಿದ್ದಕ್ಕೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದರೆ ಪ್ರೊಡಕ್ಷನ್‌ನಲ್ಲಿ ಓಡ್ತಿರೋ ಹಳೇ ಕೋಡ್ ಅದು. ನಿಂತರೆ ಹತ್ತು ಜನ ಫೋನ್ ಮಾಡ್ತಾರೆ, ಆದ್ದರಿಂದಲೇ ಯಾರಾದರೂ ರಿಪೇರಿ ಮಾಡ್ತಾರೆ.

ದೇವಸ್ಥಾನದ ಸುತ್ತಲಿನ ಪೇಟೆಗೂ ಇದೇ ಲೆಕ್ಕ. ದೊಡ್ಡ ಜಾತ್ರೆಗೆ ಐದು ತೇರು ಎಳೀತಾರೆ. ಶ್ರೀಕಂಠೇಶ್ವರನ ದೊಡ್ಡ ತೇರು ತಿರುಗಬೇಕಾದರೆ ಬೀದಿ ಅಗಲ ಇರಲೇಬೇಕು. ಟೌನ್ ಪ್ಲಾನಿಂಗ್ ಇಲಾಖೆ ಹುಟ್ಟೋಕೆ ಮುಂಚೆಯೇ ಅಲ್ಲಿ ಒತ್ತುವರಿ ತಡೀತಿದ್ದದ್ದು ತೇರಿನ ಗಾಲಿ.

ಊರಿನ ಕಸುಬು ವಾಸಿ ಮಾಡೋದು. ನಂಜುಂಡ ಅಂದರೇ ವಿಷ ಉಂಡವನು. ಪಟ್ಟದಾನೆಯ ಕಣ್ಣು ವಾಸಿಯಾಯ್ತು ಅಂತ ಟಿಪ್ಪು ಈ ದೇವರನ್ನು 'ಹಕೀಮ್ ನಂಜುಂಡ' ಅಂದ, ಪಚ್ಚೆಲಿಂಗ ಕೊಟ್ಟ ಅನ್ನೋದು ಊರಿನ ನಂಬಿಕೆ. ಕಾಯಿಲೆ ಬಿದ್ದವರು ಬಂದು ಮುಡಿ ಕೊಟ್ಟರು, ಉರುಳುಸೇವೆ ಮಾಡಿದರು. ಬಂದವರಿಗೆ ಊಟ, ಹೂವು, ಮಲಗೋಕೆ ಜಾಗ ಬೇಕಿತ್ತು, ಅದರಿಂದ ಪೇಟೆ ಬೆಳೀತು. 1913ರಲ್ಲಿ ಬಿ.ವಿ. ಪಂಡಿತರು ಇಲ್ಲೇ ಸದ್ವೈದ್ಯಶಾಲೆ ಶುರು ಮಾಡಿದರು. ನಮ್ಮ ಅಜ್ಜಿಯಂದಿರು ಬಿಡದೇ ಉಜ್ಜಿದ ನಂಜನಗೂಡು ಹಲ್ಲುಪುಡಿ ಅಲ್ಲಿಂದಲೇ ಬಂದದ್ದು. ಜತೆಗೆ ರಸಬಾಳೆ. ಅದಕ್ಕೆ ಜಿಐ ಗುರುತೂ ಸಿಕ್ಕಿದೆ. ಆದರೆ ಪನಾಮ ಸೊರಗು ರೋಗ ಹೊಡೆದು ತೋಟಗಳೇ ಕಮ್ಮಿಯಾದವು. ಗುರುತು ಕಾಗದದಲ್ಲಿದೆ, ಹಣ್ಣು ಹುಡುಕಬೇಕು.

ನಾನು ಟಿ. ನರಸೀಪುರದ ಕಡೆ ಹಳ್ಳಿಯವನು, ಕಪಿಲೆ ಕಾವೇರಿಯನ್ನು ಸೇರೋ ಕಡೆ. ನಮ್ಮೂರ ಹಿರಿತನಕ್ಕೇನು ಕಮ್ಮಿ? ಹೊಳೆದಡದಲ್ಲಿ ಅಗೆದಾಗ ನವಶಿಲಾಯುಗದ ನೆಲೆಯೇ ಸಿಕ್ಕಿದೆ. ಗುಂಜಾ ನರಸಿಂಹಸ್ವಾಮಿ ಇದ್ದಾನೆ, ಅಗಸ್ತ್ಯೇಶ್ವರ ಇದ್ದಾನೆ. 1989ರಲ್ಲಿ ಕುಂಭಮೇಳ ಶುರುವಾಯ್ತು, ಮೂರು ವರ್ಷಕ್ಕೊಮ್ಮೆ ಅಂತ. ಮೇಳದ ದಿನ ಲಕ್ಷಾಂತರ ಜನ, ಬ್ಯಾರಿಕೇಡು, ಲೈಟು. ಆಮೇಲೆ? ಪೆಂಡಾಲು ಬಿಚ್ಚಿದ ಮಾರನೇ ದಿನದಿಂದ ಪೇಟೆ ಬೀದಿಯ ಅಂಗಡಿಯವನು ಮತ್ತೆ ತನ್ನ ಪಾಡಿಗೆ ತಾನು. ಮೂರು ವರ್ಷಕ್ಕೆ ಮೂರು ದಿನ ಬರೋ ಗಿರಾಕಿಯಿಂದ ಯಾವ ಅಂಗಡಿಯೂ ನಡೆಯೋದಿಲ್ಲ ಸ್ವಾಮಿ.

ಈಗ ಎಲ್ಲ ಕಡೆ 'ಅಭಿವೃದ್ಧಿ' ಅಂದರೆ ಗ್ರಾನೈಟ್ ಹಾಸು, ಅಲಂಕಾರದ ದೀಪ, ಸ್ವಾಗತ ಕಮಾನು. ಮಲೇಷ್ಯಾದ ಜಾರ್ಜ್‌ಟೌನ್ ಅನ್ನೋ ಬಂದರು ಪೇಟೆಯ ಕಥೆ ಕೇಳಿ. 2000ದ ಹೊತ್ತಿಗೆ ಅಲ್ಲಿ ಬಾಡಿಗೆ ನಿಯಂತ್ರಣ ಕಾಯ್ದೆ ರದ್ದಾಯ್ತು, 2008ರಲ್ಲಿ ಯುನೆಸ್ಕೋ ಪಟ್ಟ ಬಂತು. ಗೋಡೆಗಳಿಗೆ ಬಣ್ಣ ಬಂತು, ಕೆಫೆ, ಹೋಟೆಲ್ ಬಂದವು. ಎಷ್ಟೋ ಹಳೇ ಬಾಡಿಗೆದಾರರು ಮಾತ್ರ ಜಾಗ ಬಿಟ್ಟರು. ಮನೆ ಉಳೀತು, ಮನೆಯವರು ಹೋದರು.

ನಮ್ಮ ಊರುಗಳಲ್ಲಿ ಬಾಡಿಗೆ ಏರೋದಕ್ಕೂ ಮುಂಚೆಯೇ ಮನೆಯವರು ಹೋಗ್ತಿದ್ದಾರೆ. ನಾನೇ ಹೋದವನು. ಬಿ.ಇ. ಮುಗಿಸಿ ಬೆಂಗಳೂರು ಸೇರಿದ ನನ್ನಂಥವರ ಅಪ್ಪಂದಿರು ತೊಟ್ಟಿ ಮನೆಯಲ್ಲಿ ಒಂದು ಕೋಣೆ ಬಳಸ್ತಾ, ಮಿಕ್ಕಿದ್ದಕ್ಕೆ ಬೀಗ ಹಾಕಿದ್ದಾರೆ. ಮಳೆಗಾಲದಲ್ಲಿ ಒಂದು ಹೆಂಚು ಸರಿದರೆ ಹತ್ತೋಕೆ ಆಳಿಲ್ಲ.

ಹಾಗಾಗಿ ನನ್ನ ಪಟ್ಟಿ ಸಣ್ಣದು. ಹಳೇ ಮನೆ ರಿಪೇರಿಗೆ ಸುಲಭದ ಸಾಲ ಸಿಗಲಿ, ಗಾರೆ ಕೆಲಸ ಬಲ್ಲವರಿಗೆ ಕೆಲಸ ಸಿಗಲಿ. ಸೇತುವೆ ಮೇಲೆ ಜನ ದಿನಾ ಸಂಜೆ ನಡೆದಾಡುವಂತಾಗಲಿ. ಕಬಿನಿ ಜಲಾಶಯದಿಂದ ನೀರು ಬಿಟ್ಟಾಗ ಹದಿನಾರು ಕಾಲು ಮಂಟಪವೇ ಮುಳುಗುತ್ತೆ. ಆದ್ದರಿಂದ ನದಿ ಎಲ್ಲೀವರೆಗೆ ಬರುತ್ತೆ ಅಂತ ಗುರುತು ಹಾಕಿ, ಅದರೊಳಗೆ ಕಾಂಕ್ರೀಟ್ ಬೇಡ. ರಸ್ತೆ ಅಗಲ ಮಾಡೋ ಮುಂಚೆ ಹೂವಿನವರು ಎಲ್ಲಿ ಕೂರಬೇಕು ಅಂತ ತೀರ್ಮಾನ ಆಗಲಿ.

ಯಾವುದೇ ಯೋಜನೆಯ ಫೈಲು ಬಂದರೂ ಪುರಸಭೆ, ನಗರಸಭೆಯವರು ಮೊದಲು ಒಂದೇ ಪ್ರಶ್ನೆ ಕೇಳಲಿ: ಹತ್ತು ವರ್ಷದ ಮೇಲೆ ಈ ಬೀದಿಯಲ್ಲಿ ರಾತ್ರಿ ಯಾರು ಮಲಗಿರ್ತಾರೆ? ಅದಕ್ಕೆ ಉತ್ತರ ಇಲ್ಲದಿದ್ದರೆ ಉಳಿಯೋದು ಪೇಟೆಯಲ್ಲ, ಬರೀ ಅದರ ಫೋಟೋ.