ಬೆಂಕಿ ಆರಿದ ಮೇಲೆ

ಕಾಡಿಗೆ ಬೆಂಕಿ ಬಿತ್ತು ಅಂದ್ರೆ ನಾವು ಕೇಳೋದು ಎರಡೇ ಪ್ರಶ್ನೆ: ಎಷ್ಟು ಎಕರೆ ಸುಟ್ಟಿತು? ಆರಿತಾ? ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಚರಿತ್ರೆ ನೋಡಿದರೆ ಮೂರನೆಯದೇ ಮುಖ್ಯ: ಆ ನೆಲ ಸುಧಾರಿಸಿಕೊಳ್ಳಲು ಎಷ್ಟು ವರ್ಷ ಬೇಕು?

ಮಲೆನಾಡಿನಲ್ಲಿ ಹಿಂದೆ ಕುಮರಿ ಬೇಸಾಯವಿತ್ತು. ಗುಡ್ಡದ ಒಂದು ತುಂಡು ಕಾಡು ಕಡಿದು, ಒಣಗಿಸಿ, ಮಳೆಗೆ ಮುಂಚೆ ಸುಡೋದು. ಬೂದಿಯ ಬಲದಲ್ಲಿ ಒಂದೆರಡು ವರ್ಷ ರಾಗಿ ಬೆಳೆದು, ಆಮೇಲೆ ಹತ್ತಾರು ವರ್ಷ ಆ ಜಾಗ ಬಿಟ್ಟುಬಿಡೋದು. ಈ ಬೇಸಾಯ ನಿಂತಿದ್ದೇ ಆ ಬಿಡುವಿನ ಮೇಲೆ. ಬಿಡುವು ಕಡಿಮೆಯಾದರೆ ಮರದ ಜಾಗಕ್ಕೆ ಮುಳ್ಳುಪೊದೆ ಬರುತ್ತೆ.

1840ರ ದಶಕದಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟಿಷ್ ವೈದ್ಯ ಶಿವಮೊಗ್ಗದಲ್ಲಿದ್ದ. ಗಿಡಗಳ ಚಿತ್ರ ಬರೆಸುತ್ತಿದ್ದ ಆತ ಮುಂದೆ ಕುಮರಿಯ ಕಡುವಿರೋಧಿಯಾದ. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ. 1860ರಲ್ಲಿ ಅಲ್ಲಿ ಅನುಮತಿಯಿಲ್ಲದ ಕುಮರಿಗೆ ನಿಷೇಧ ಬಿತ್ತು. ಅದನ್ನೇ ನಂಬಿದವರ ಹೊಟ್ಟೆಗೆ ಏನು ಗತಿ? ಅದೇ ಕಾಲದಲ್ಲಿ ರೈಲು ಹಳಿಯ ಸ್ಲೀಪರ್‌ಗೆ ಅಂತ ಸರ್ಕಾರವೇ ಮರ ಕಡಿಸುತ್ತಿತ್ತು. ಬೆಂಕಿ ಮಾತ್ರ ಅಪರಾಧವಾಯ್ತು, ಕೊಡಲಿ ಆಗಲಿಲ್ಲ.

ನಮ್ಮ ಕಡೆ ಅಡಿಕೆ ತೋಟದವರಿಗೆ ಸೊಪ್ಪಿನಬೆಟ್ಟದ ಹಕ್ಕು ಉಳಿಯಿತು. ಬೆಟ್ಟದ ಸೊಪ್ಪು, ತರಗೆಲೆ ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ತೋಟಕ್ಕೆ ಹೋಗುತ್ತೆ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದರೆ ದೊಡ್ಡ ಮರ ಹಸಿರಾಗಿಯೇ ಕಾಣಬಹುದು. ಹೋಗೋದು ತರಗೆಲೆ, ಎಳೆಯ ಸಸಿ. ಆಮೇಲೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಹೆಚ್ಚು ಸುರಿಯುವ ಆಗುಂಬೆಯಂಥ ಕಡೆ, ಹೊದಿಕೆಯಿಲ್ಲದ ಮಣ್ಣು ಹಳ್ಳ ಸೇರುತ್ತೆ.

ಇದೇ ಪಾಠ ಅಲಾಸ್ಕದಲ್ಲೂ ಇದೆ. 2007ರಲ್ಲಿ ಅನಕ್ಟುವಕ್ ನದಿಯ ಬಳಿ ಸಿಡಿಲಿನಿಂದ ಹೊತ್ತಿದ ಬೆಂಕಿ ಸುಮಾರು 1000 ಚದರ ಕಿಲೋಮೀಟರ್ ಟಂಡ್ರಾ ಸುಟ್ಟಿತು. ಅಲ್ಲಿ ವರ್ಷವಿಡೀ ಹೆಪ್ಪುಗಟ್ಟಿರುವ ನೆಲಕ್ಕೆ ಪಾಚಿ, ಕೊಳೆತ ಸೊಪ್ಪಿನ ಪದರವೇ ಕಂಬಳಿ. ಅದು ಸುಟ್ಟಮೇಲೆ ಬಿಸಿಲು ಒಳಗಿಳಿದು ಮಂಜುಗಡ್ಡೆ ಕರಗಿತು. ಬೆಂಕಿ ಅದೇ ವರ್ಷ ಹಿಮ ಬಿದ್ದು ಆರಿತ್ತು. ಏಳು ವರ್ಷದ ನಂತರ ಅಳೆದಾಗ, ಅಧ್ಯಯನ ಮಾಡಿದ ಸುಟ್ಟ ಜಾಗದ ಶೇಕಡಾ 34ರಷ್ಟು ಕಡೆ ನೆಲ ಕುಸಿದಿತ್ತು.

ಮಂಜಿನ ನೆಲಕ್ಕೂ ಮಲೆನಾಡಿಗೂ ಹೋಲಿಕೆ ಇಷ್ಟೇ: ಎರಡೂ ಕಡೆ ನೆಲ ಕಾಯೋದು ಮೇಲಿನ ಆ ತೆಳು ಹೊದಿಕೆ. ಬೆಂಕಿ ಆರಿದ ದಿನವೇ ಟಿಕೆಟ್ ಕ್ಲೋಸ್ ಮಾಡೋ ಅಭ್ಯಾಸ ನಮ್ಮದು. ಬೆಟ್ಟದ ಟಿಕೆಟ್ ಮಾತ್ರ ಹತ್ತಾರು ಮಳೆಗಾಲ ಓಪನ್ ಇರಬೇಕು.