ಮಧುಮೇಹಿಯ ಕಣ್ಣು ಮತ್ತು ರಕ್ತದ ಸುಳಿವು

ಮಧುಮೇಹಿಯ ಅಕ್ಷಿಪಟಲದಲ್ಲಾಗುವ ಬದಲಾವಣೆಗಳನ್ನು ವಿಯೆನ್ನಾದ ಎಡ್ವರ್ಡ್ ಯೇಗರ್ 1855ರಲ್ಲಿ ವರ್ಣಿಸಿದರು. ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಹೊಸ ವಸ್ತುವೊಂದನ್ನು ನ್ಯೂಯಾರ್ಕ್‌ನ ಟಿಲೆಟ್ ಮತ್ತು ಫ್ರಾನ್ಸಿಸ್ 1930ರಲ್ಲಿ ಗುರುತಿಸಿದರು. ಅದೇ ಸಿ-ರಿಯಾಕ್ಟಿವ್ ಪ್ರೋಟೀನ್. ದೇಹದಲ್ಲಿ ಎಲ್ಲೇ ಉರಿಯೂತವಾದರೂ ಯಕೃತ್ತು ಇದನ್ನು ಹೆಚ್ಚು ತಯಾರಿಸುತ್ತದೆ.

ಕಣ್ಣಿನ ಈ ರೋಗಕ್ಕೂ ಉರಿಯೂತಕ್ಕೂ ನಂಟಿದೆಯೆ? ಸಂಧಿವಾತಕ್ಕೆಂದು ಸ್ಯಾಲಿಸಿಲೇಟ್ ಸೇವಿಸುತ್ತಿದ್ದ ಮಧುಮೇಹಿಗಳಲ್ಲಿ ಅಕ್ಷಿಪಟಲದ ರೋಗ ಕಡಿಮೆಯೆಂದು 1964ರಲ್ಲಿ ಪೊವೆಲ್ ಮತ್ತು ಫೀಲ್ಡ್ ವರದಿ ಮಾಡಿದರು. ಆಸೆ ಚಿಗುರಿತು. ಆದರೆ ದಿನಕ್ಕೆ 650 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರೂ ರೋಗ ಮುಂದುವರಿಯುವುದು ತಪ್ಪಲಿಲ್ಲವೆಂದು ಅಮೆರಿಕದ ದೊಡ್ಡ ಪರೀಕ್ಷೆಯೊಂದು 1991ರಲ್ಲಿ ತಿಳಿಸಿತು.

ಉರಿಯೂತದ ಪಾತ್ರವನ್ನು ಇದು ಅಲ್ಲಗಳೆಯದು. ಇಂದು ಮಧುಮೇಹಿಗಳ ಅಕ್ಷಿಪಟಲದ ಊತಕ್ಕೆ ಸ್ಟೆರಾಯ್ಡ್ ಚುಚ್ಚುಮದ್ದೂ ಬಳಕೆಯಲ್ಲಿದೆ. ರಕ್ತದ ಸೂಚಕ ಉರಿಯೂತವಿದೆ ಎನ್ನುತ್ತದೆ, ಎಲ್ಲಿದೆ ಎನ್ನದು. ಆದ್ದರಿಂದ ದೃಷ್ಟಿ ಚೆನ್ನಾಗಿದ್ದರೂ ಮಧುಮೇಹಿಗೆ ಅಕ್ಷಿಪಟಲದ ನಿಯಮಿತ ತಪಾಸಣೆ ಅಗತ್ಯ.